ನಲವತ್ತೆರಡನೇ ದಿನದ ಆಚೆಗೆ

ಮಾತಾಡಿಕೊಂಡವರು ಇಬ್ಬರು: ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಮತ್ತು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯೆ.

ಕಾರ್ಯಕರ್ತೆ: ಡಾಕ್ಟ್ರೇ, ಈ ಚೀಟಿ ಸ್ವಲ್ಪ ನೋಡಿ. ಹುಟ್ಟಿದ ಎರಡನೇ ದಿನ ಕಿವಿ ಪರೀಕ್ಷೆ ಮಾಡಿ ಎರಡೂ ಕಿವಿಗೆ ‘ಪಾಸ್’ ಅಂತ ಬರೆದುಕೊಟ್ಟಿದ್ದಾರೆ. ಈಗ ಹುಡುಗಿಗೆ ಎರಡೂವರೆ ವರ್ಷ. ವರ್ಷ ತುಂಬೋ ಹೊತ್ತಿಗೆ ‘ಅಮ್ಮ’, ‘ತಾತ’, ‘ಬಾ’ ಅಂತಿದ್ದವಳು ಈಗ ಒಂದು ಮಾತೂ ಆಡಲ್ಲ. ಹಿಂದಿನಿಂದ ಕರೆದರೆ ತಿರುಗಲ್ಲ. ಆದರೆ ಅಡುಗೆಮನೇಲಿ ತಟ್ಟೆ ಬಿದ್ದರೆ ಬೆಚ್ಚಿಬೀಳ್ತಾಳೆ. ಅದನ್ನ ಹಿಡ್ಕೊಂಡು ಅಜ್ಜಿ, ಕಿವಿ ಚೆನ್ನಾಗೇ ಇದೆ, ಇವಳಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು ಅಂತಾರೆ. ತಾಯಿಗೆ ಸಮಾಧಾನ ಇಲ್ಲ. ಪಾಸಾದ ಮಗೂಗೆ ಕೇಳಿಸದೇ ಇರೋದು ಹೇಗೆ ಅಂತ ನನ್ನನ್ನ ಕೇಳ್ತಾಳೆ.

ವೈದ್ಯೆ: ಚೀಟಿ ಸುಳ್ಳು ಹೇಳ್ತಿಲ್ಲ ಅಕ್ಕ. ಆವತ್ತು ಮಗುವಿಗೆ ಕೇಳಿಸಿರಬೇಕು. ಕೇಳಿಸದೇ ಇದ್ದಿದ್ದರೆ ‘ಅಮ್ಮ’ ಅನ್ನೋದನ್ನ ಎಲ್ಲಿಂದ ಕಲೀತಿದ್ದಳು? ತಟ್ಟೆ ಬಿದ್ದ ಸದ್ದಿಗೆ ಬೆಚ್ಚೋದು ಪೂರ್ತಿ ಕಿವಿ ಕೇಳುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಜೋರು ಸದ್ದು ತಿಳಿದು, ಮಾತಿನ ಸಣ್ಣ ಸದ್ದುಗಳು ತಿಳಿಯದೇ ಇರಬಹುದು. ಅವಳು ನಡೆದಿದ್ದು ಯಾವಾಗ?

ಕಾರ್ಯಕರ್ತೆ: ಒಂದೂಮುಕ್ಕಾಲು ವರ್ಷಕ್ಕೆ. ಈಗಲೂ ಸಂಜೆ ಕತ್ತಲಾದರೆ ಮುಗ್ಗರಿಸ್ತಾಳೆ. ಹುಟ್ಟಿದಾಗ ತೂಕ ಎರಡು ಕೆಜಿ ಮುನ್ನೂರು ಗ್ರಾಂ, ಸ್ವಲ್ಪ ಕಾಮಾಲೆ ಇತ್ತು, ನಾಲ್ಕು ದಿನಕ್ಕೆ ಇಳೀತು. ಇನ್ನೇನೂ ಇರಲಿಲ್ಲ. ತಾಯಿಗೆ ಬಸುರಿನ ಮೂರನೇ ತಿಂಗಳಲ್ಲಿ ಮೂರ್ನಾಲ್ಕು ದಿನ ಜ್ವರ, ಮೈಕೈ ನೋವು. ಆಗ ದೊಡ್ಡ ಮಗ ಎರಡು ವರ್ಷದವನು, ಅವನಿಗೂ ನೆಗಡಿ.

ವೈದ್ಯೆ: ಇಷ್ಟರ ಮೇಲೆ ಇಂಥದ್ದೇ ಅಂತ ಹೇಳೋಕಾಗಲ್ಲ. ವಂಶವಾಹಿಯಿಂದ ಬರೋ ಕಿವುಡುತನ ಇದೆ, ಮೆದುಳು ಜ್ವರ ಇದೆ, ಕಿವಿ ಸೋರಿ ಒಳಗೆ ನೀರು ಕಟ್ಟಿಕೊಳ್ಳೋದೂ ಇದೆ. ಆದರೆ ಹುಟ್ಟಿದಾಗ ಸರಿಯಿದ್ದು ಆಮೇಲೆ ಕಿವಿ ಇಳಿದಿದೆ, ಜೊತೆಗೆ ಸಮತೋಲವೂ ಕಡಿಮೆ ಅಂದರೆ ನನಗೆ ಮೊದಲು ನೆನಪಾಗೋದು ಸೈಟೊಮೆಗಾಲೊ ವೈರಸ್. ನಾವು ಸಿಎಂವಿ ಅಂತೀವಿ. ಕೇಳೋ ಅಂಗ, ಸಮತೋಲ ಹಿಡಿಯೋ ಅಂಗ ಎರಡೂ ಒಳಗಿವಿಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಬೆಳಕಿದ್ದಾಗ ಕಣ್ಣು ಆ ಕೊರತೆ ತುಂಬಿಕೊಡುತ್ತೆ, ಕತ್ತಲಾದಾಗ ಮಗು ಬೀಳುತ್ತೆ.

ಕಾರ್ಯಕರ್ತೆ: ಈ ಹೆಸರು ನಮ್ಮ ಯಾವ ತರಬೇತಿಯಲ್ಲೂ ಕೇಳಿಲ್ಲ. ಅಪರೂಪದ್ದಾ?

ವೈದ್ಯೆ: ಹುಟ್ಟುವಾಗಲೇ ಮಗುವಿನ ಜೊತೆ ಬರೋ ವೈರಸ್ ಸೋಂಕುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. 1,000 ಹೆರಿಗೆಯಲ್ಲಿ 5ರಿಂದ 10 ಮಕ್ಕಳಿಗೆ, ಬಡ ದೇಶಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ವ್ಯಾಪ್ತಿಯಲ್ಲಿ ವರ್ಷಕ್ಕೆ 15 ಹೆರಿಗೆ ಅಂತಿಟ್ಕೊಳ್ಳಿ. ಹತ್ತು ವರ್ಷಕ್ಕೆ 150. ನೀವು ಕೈಯಲ್ಲಿ ಎತ್ತಿ ತೂಗಿರೋ ಮಕ್ಕಳಲ್ಲಿ ಒಬ್ಬರೋ ಇಬ್ಬರೋ ಈ ಸೋಂಕಿನ ಜೊತೆ ಹುಟ್ಟಿದ್ದಾರೆ. ಸೋಂಕಿದ್ದ ಹತ್ತು ಮಕ್ಕಳಲ್ಲಿ ಒಂಬತ್ತು ಹುಟ್ಟಿದಾಗ ಚೆನ್ನಾಗೇ ಕಾಣ್ತಾವೆ. ಹತ್ತನೆಯದಕ್ಕೆ ಮಾತ್ರ ಸಣ್ಣ ತಲೆ, ಊದಿದ ಯಕೃತ್ತು, ಮೈಮೇಲೆ ರಕ್ತದ ಚುಕ್ಕೆ, ಹೀಗೆ ನಮ್ಮ ಕಣ್ಣಿಗೆ ಬೀಳೋ ಗುರುತುಗಳು. ಅಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಕಿವುಡು, ಫಿಟ್ಸ್, ಕೈಕಾಲು ಬಿಗಿತ, ಕಲಿಕೆಯ ಹಿನ್ನಡೆ, ಏನಾದರೊಂದು ಉಳಿಯುತ್ತೆ. ಚೆನ್ನಾಗಿ ಕಂಡ ಒಂಬತ್ತರಲ್ಲೂ ಒಂದಕ್ಕೆ ಆಮೇಲೆ ಕಿವಿ ಹೋಗಬಹುದು. ಆ ಒಂದು ಯಾವುದು ಅಂತ ಹೆರಿಗೆ ಕೋಣೆಯಲ್ಲಿ ಯಾರಿಗೂ ಗೊತ್ತಾಗಲ್ಲ.

ಕಾರ್ಯಕರ್ತೆ: ಈಗ ರಕ್ತ ತೆಗೆದು ನೋಡಿದರೆ?

ವೈದ್ಯೆ: ಕಾಲ ಮೀರಿದೆ. ಹುಟ್ಟಿ 21 ದಿನದ ಒಳಗೆ ಮಗುವಿನ ಮೂತ್ರದಲ್ಲೋ ಜೊಲ್ಲಿನಲ್ಲೋ ವೈರಸ್ ಸಿಕ್ಕರೆ ಹೊಟ್ಟೆಯಲ್ಲಿದ್ದಾಗಲೇ ಬಂದಿತ್ತು ಅನ್ನಬಹುದು. ಆಮೇಲೆ ಸಿಕ್ಕರೆ ಎದೆಹಾಲಿನಿಂದ ಬಂದಿರಬಹುದು, ಅಣ್ಣನಿಂದ ಬಂದಿರಬಹುದು. ಹುಟ್ಟಿದ ಮೇಲೆ ಬಂದದ್ದರಿಂದ ತಿಂಗಳು ತುಂಬಿ ಹುಟ್ಟಿದ ಮಗುವಿಗೆ ತೊಂದರೆಯಿಲ್ಲ. ಕೆಲವು ದೇಶಗಳಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆದ ರಕ್ತದ ಹನಿಯನ್ನ ವರ್ಷಗಟ್ಟಲೆ ಇಟ್ಟಿರುತ್ತಾರೆ, ಅದರಲ್ಲಿ ಹಿಂದಿರುಗಿ ಹುಡುಕಬಹುದು. ಕೆನಡಾದ ಒಂಟಾರಿಯೊದಲ್ಲಿ 2019ರಿಂದ ಆ ಹನಿಯಲ್ಲೇ ಎಲ್ಲ ಮಕ್ಕಳಿಗೂ ಸಿಎಂವಿ ಹುಡುಕ್ತಾರೆ. ಈ ಹುಡುಗಿಯದು ಅಂಥ ಹನಿ ನಮ್ಮ ಹತ್ತಿರ ಇಲ್ಲ.

ಕಾರ್ಯಕರ್ತೆ: 21ನೇ ದಿನ ನಾನು ಅವರ ಮನೆಗೆ ಹೋಗಿದ್ದೆ, ಮೇಡಂ. 3, 7, 14, 21, 28, 42, ನಮ್ಮ ಮನೆಭೇಟಿ ದಿನಗಳು ಅವೇ. ಜ್ವರ ನೋಡ್ತೀವಿ, ತೂಕ ನೋಡ್ತೀವಿ, ಹೊಕ್ಕಳು ನೋಡ್ತೀವಿ, ಹಾಲು ಕುಡೀತಿದೆಯಾ ಕೇಳ್ತೀವಿ. 42ಕ್ಕೆ ಆ ಫಾರ್ಮ್ ಮುಗಿಯುತ್ತೆ. ಆಮೇಲೆ ಮೂರು ತಿಂಗಳಿಗೊಂದರಂತೆ 15 ತಿಂಗಳವರೆಗೆ ಇನ್ನೊಂದು ಫಾರ್ಮ್. ಅಲ್ಲಿಗೆ ನಮ್ಮ ಲೆಕ್ಕದಲ್ಲಿ ಮಗು ಮುಗೀತು. ಇವಳು ಮಾತು ಬಿಟ್ಟಿದ್ದು ಅದರ ಮೇಲೆ.

ವೈದ್ಯೆ: ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡೋ ವಿಷಯ ಇದು. ಹೆರಿಗೆ ಆಸ್ಪತ್ರೆಯಲ್ಲಾಗಬೇಕು, ತಾಯಿ ಉಳೀಬೇಕು, ಮಗು ಉಳೀಬೇಕು ಅಂತ ನಾವು ಪಟ್ಟ ಶ್ರಮಕ್ಕೆ ಫಲ ಸಿಕ್ಕಿದೆ, ಅದರಲ್ಲಿ ನಿಮ್ಮ ಪಾಲು ದೊಡ್ಡದು. ಉಳಿದ ಮಗು ಹೇಗೆ ಬೆಳೀತು ಅನ್ನೋದಕ್ಕೆ ಮಾತ್ರ ಅಷ್ಟೇ ಗಟ್ಟಿಯಾದ ಲೆಕ್ಕ ಇಲ್ಲ. ಈ ಸೋಂಕುಗಳ ಗುಣವೇ ಹಾಗೆ, ಮಗು ಬೆಳೆದಂತೆ ತಮ್ಮನ್ನ ತೋರಿಸಿಕೊಳ್ತಾವೆ. ಇದು ಮೊದಲು ಲೋಕಕ್ಕೆ ತಿಳಿದಿದ್ದು ರುಬೆಲ್ಲಾದಿಂದ, ಅಂದರೆ ಜರ್ಮನ್ ದಡಾರದಿಂದ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಅನ್ನೋ ಕಣ್ಣಿನ ವೈದ್ಯರಿದ್ದರು. 1941ರಲ್ಲಿ ಅವರ ಹತ್ತಿರ ಒಂದರ ಹಿಂದೊಂದು ಎಳೇ ಕೂಸುಗಳು ಬರತೊಡಗಿದವು, ಕಣ್ಣಲ್ಲಿ ಪೊರೆ. ಮುದುಕರಿಗೆ ಬರೋ ಪೊರೆ ಹಸುಗೂಸಿಗೆ, ಅದೂ ಇಷ್ಟೊಂದು ಕೂಸುಗಳಿಗೆ. ಹೊರಗೆ ಕಾಯ್ತಾ ಕೂತ ತಾಯಂದಿರು, ಬಸುರಿಯಾಗಿದ್ದಾಗ ನನಗೆ ಜರ್ಮನ್ ದಡಾರ ಆಗಿತ್ತು, ನಿಮಗೂ ಆಗಿತ್ತಾ ಅಂತ ಮಾತಾಡಿಕೊಂಡಿದ್ದು ಅವರ ಕಿವಿಗೆ ಬಿತ್ತು ಅಂತ ಹೇಳ್ತಾರೆ. ಅವರು ಊರೂರಿನ ವೈದ್ಯರಿಗೆ ಬರೆದು ಕೇಳಿ 78 ಮಕ್ಕಳ ವಿವರ ಕೂಡಿಸಿದರು. ಬಹುಪಾಲು ತಾಯಂದಿರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ಆ ದಡಾರ ಆಗಿತ್ತು.

ಕಾರ್ಯಕರ್ತೆ: ರುಬೆಲ್ಲಾ ನನಗೆ ಗೊತ್ತು. 2017ರ ಫೆಬ್ರವರಿಯಲ್ಲಿ ಶಾಲೆ ಶಾಲೆಗೆ ಹೋಗಿ ಚುಚ್ಚಿಸಿದ್ದೀವಲ್ಲ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ ಎಲ್ಲರಿಗೂ.

ವೈದ್ಯೆ: ದೇಶದಲ್ಲಿ ಮೊದಲ ಹಂತಕ್ಕೆ ಆರಿಸಿಕೊಂಡ ರಾಜ್ಯಗಳಲ್ಲಿ ನಮ್ಮದೂ ಒಂದು. ಅದರ ಬೇರು ಆ ಸಿಡ್ನಿಯ ಕೋಣೆಯಲ್ಲಿದೆ. ಆದರೆ ನಾನು ಹೇಳ್ತಿರೋದು ಬೇರೆ. ಗ್ರೆಗ್ 1941ರಲ್ಲಿ ಬರೆದಾಗ ಕಣ್ಣು ಬರೆದರು, ಹೃದಯದ ತೊಂದರೆ ಬರೆದರು. ಕಿವಿಯ ಮಾತೇ ಇರಲಿಲ್ಲ. ಹಸುಗೂಸಿನ ಕಿವುಡು ಯಾರಿಗೆ ಕಾಣಿಸುತ್ತೆ? ಪತ್ರಿಕೆಯಲ್ಲಿ ಸುದ್ದಿ ಓದಿದ ತಾಯಂದಿರು ಅವರಿಗೆ ತಿಳಿಸಿದರು: ನನಗೂ ಆ ದಡಾರ ಆಗಿತ್ತು, ಮಗುವಿನ ಕಣ್ಣು ಸರಿಯಿದೆ, ಆದರೆ ಮಾತು ಬಂದಿಲ್ಲ, ಕಿವಿ ಕೇಳಲ್ಲ. ಒಂದೆರಡು ವರ್ಷ ಕಳೆದ ಮೇಲೇ ಕಿವುಡು ಪಟ್ಟಿಗೆ ಸೇರಿದ್ದು. ಮುಂದೆ ನೋಡಿದರೆ ಆ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಕಿವುಡೇ. ಆಮೇಲೆ ಲ್ಯಾಂಕಾಸ್ಟರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಹಳೇ ಜನಗಣತಿ ಬಿಡಿಸಿ ನೋಡಿದಾಗ, 1899ರ ಸುಮಾರಿಗೆ ಹುಟ್ಟಿದವರಲ್ಲೂ ಕಿವುಡರು ಇದ್ದಕ್ಕಿದ್ದಂತೆ ಹೆಚ್ಚಿದ್ದರು. ಅಂದರೆ ನಲವತ್ತು ವರ್ಷ ಹಿಂದೆಯೂ ಇದು ನಡೆದುಹೋಗಿತ್ತು, ಜೋಡಿಸಿ ನೋಡಿದವರಿರಲಿಲ್ಲ.

ಕಾರ್ಯಕರ್ತೆ: ಆ ಮಕ್ಕಳು ಏನಾದರು? ನನ್ನ ಮುಂದೆ ಕೂತಿರೋ ತಾಯಿಗೆ ಬೇಕಾಗಿರೋದು ಅದು.

ವೈದ್ಯೆ: ಗೊತ್ತಿದೆ. ಏಕೆಂದರೆ ಅವರ ಬೆನ್ನು ಬಿಡದೆ ನೋಡಿದವರಿದ್ದರು. ಗ್ರೆಗ್ ನೋಡಿದ ಮಕ್ಕಳಲ್ಲಿ 50 ಮಂದಿಯನ್ನ ಇಪ್ಪತ್ತೈದು ವರ್ಷದ ಮೇಲೆ ಹುಡುಕಿಕೊಂಡು ಹೋದರು. ಬಹುತೇಕ ಎಲ್ಲರಿಗೂ ಕಿವುಡು, ಹಲವರಿಗೆ ಕಣ್ಣೂ ಮಂದ. ಆದರೆ ಹೆಚ್ಚಿನವರು ದುಡಿದು ತಿನ್ನುತ್ತಿದ್ದರು, ಕೆಲವರಿಗೆ ಮದುವೆಯಾಗಿತ್ತು, ಮಕ್ಕಳಾಗಿದ್ದವು. ಹಸುಗೂಸಾಗಿದ್ದಾಗ ಇವರ ಬಗ್ಗೆ ಯಾರೂ ಇಷ್ಟು ನಿರೀಕ್ಷೆ ಇಟ್ಟಿರಲಿಲ್ಲ. ಅರವತ್ತನೇ ವಯಸ್ಸಿಗೆ ಮತ್ತೆ ನೋಡಿದಾಗ ಸಕ್ಕರೆ ಕಾಯಿಲೆ, ಥೈರಾಯ್ಡ್, ಹೆಂಗಸರಲ್ಲಿ ಬೇಗ ಮುಟ್ಟು ನಿಲ್ಲೋದು, ಇವೆಲ್ಲ ಸಾಮಾನ್ಯ ಜನರಿಗಿಂತ ಹೆಚ್ಚಾಗಿದ್ದವು. ಗರ್ಭದಲ್ಲಿ ಕೆಲವು ವಾರ ನಡೆದದ್ದರ ಗುರುತು ಅರವತ್ತು ವರ್ಷದ ಮೇಲೂ ಮೈಯಲ್ಲಿತ್ತು. ಈ ಎರಡೂ ನಿಜ, ಎರಡನ್ನೂ ಒಟ್ಟಿಗೇ ಹೇಳಬೇಕು. ಮೊದಲ ವಾರ ನಾವು ಬಾಯಿಗೆ ಬಂದಂತೆ ‘ಈ ಮಗು ಏನೂ ಆಗಲ್ಲ’ ಅಂದರೂ ತಪ್ಪು, ‘ಇದಕ್ಕೆ ಏನೂ ಆಗಿಲ್ಲ’ ಅಂದರೂ ತಪ್ಪು.

ಕಾರ್ಯಕರ್ತೆ: ಇಷ್ಟೊಂದು ಜನರನ್ನ ಇಷ್ಟು ವರ್ಷ ಯಾರು ನೋಡ್ತಾರೆ ನಮ್ಮಲ್ಲಿ?

ವೈದ್ಯೆ: ನೋಡದೇ ಇದ್ದರೂ ಅವರು ಬೆಳೀತಾರಲ್ಲ. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿ ಸುಮಾರು 20,000 ಮಕ್ಕಳು ಅದರ ಪೆಟ್ಟು ತಿಂದು ಹುಟ್ಟಿದರು. ಸುಮಾರು 12,000 ಮಕ್ಕಳಿಗೆ ಕಿವುಡು. ಲಸಿಕೆಗೆ ಪರವಾನಗಿ ಸಿಕ್ಕಿದ್ದು 1969ರಲ್ಲಿ. ಆ ಮಕ್ಕಳು ಬೆಳೆದಂತೆ ಕಿವುಡರ ಶಾಲೆಗಳು ತುಂಬಿದವು, ಆಮೇಲೆ ವಾಷಿಂಗ್ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ತುಂಬಿತು. ನ್ಯೂಯಾರ್ಕಿನಲ್ಲಿ ಸ್ಟೆಲ್ಲಾ ಚೆಸ್ ಅನ್ನೋ ಮನೋವೈದ್ಯೆ ಅಂಥ 243 ಮಕ್ಕಳನ್ನ ನೋಡಿದಾಗ ಅವರಲ್ಲಿ ಆಟಿಸಂ ಆ ಕಾಲದವರು ಊಹಿಸದಷ್ಟು ಹೆಚ್ಚಿತ್ತು. ಕೆಲವು ವರ್ಷ ಬಿಟ್ಟು ಮತ್ತೆ ನೋಡಿದರೆ ಕೆಲವರಲ್ಲಿ ಆ ಲಕ್ಷಣ ಕರಗಿತ್ತು, ಇನ್ನು ಕೆಲವರಲ್ಲಿ ಹೊಸದಾಗಿ ಕಾಣಿಸಿತ್ತು. ಒಂದೇ ಸಲ ನೋಡಿ ಬರೆದಿದ್ದರೆ ಎರಡೂ ತಪ್ಪಿಹೋಗ್ತಿತ್ತು.

ಕಾರ್ಯಕರ್ತೆ: ಇದನ್ನೆಲ್ಲ ಬಸುರಿಯರಿಗೆ ಹೇಳೋದು ಹೇಗೆ ಮೇಡಂ? ಆಗಲೇ ಗ್ರಹಣ, ಪಪ್ಪಾಯಿ, ಎಡಮಗ್ಗುಲು ಅಂತ ನೂರು ಹೆದರಿಕೆ ಇವೆ. ಅದರ ಮೇಲೆ ಹೆಸರೇ ಕೇಳದ ವೈರಸ್ಸು ಅಂದರೆ ನಿದ್ದೆ ಬಿಡ್ತಾರೆ. ಲಸಿಕೆ ಇದೆಯಾ?

ವೈದ್ಯೆ: ಇನ್ನೂ ಬಂದಿಲ್ಲ. ನಮ್ಮ ಹೆಂಗಸರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಈ ವೈರಸ್ ಬಂದುಹೋಗಿರುತ್ತೆ, ಹೋದರೂ ಮೈಯಲ್ಲಿ ಮಲಗಿರುತ್ತೆ. ಒಂದು ಸಲ ಬಂದರೆ ಭಯವಿಲ್ಲ ಅಂತ ಹೇಳೋ ಹಾಗಿಲ್ಲ. ಮಲಗಿದ್ದು ಏಳಬಹುದು, ಬೇರೆ ತಳಿ ಹೊರಗಿನಿಂದ ಬರಬಹುದು. ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಲ್ಲಿ ತಿಂಗಳುಗಟ್ಟಲೆ ಹೊರಬರ್ತಿರುತ್ತೆ. ಮನೆಯಲ್ಲಿ ಎರಡು ಮೂರು ವರ್ಷದ ಮಗುವಿರೋ ಬಸುರಿ ಜಾಗ್ರತೆ ಮಾಡಬೇಕಾದ್ದು ನಾಲ್ಕು ಕೆಲಸದಲ್ಲಿ. ಉಚ್ಚೆಬಟ್ಟೆ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸೋಪಿನಲ್ಲಿ ಕೈತೊಳೆಯೋದು. ಮಗು ಅರ್ಧ ತಿಂದು ಬಿಟ್ಟ ಅನ್ನವನ್ನ ತಾನು ತಿನ್ನದೇ ಇರೋದು. ಒಂದೇ ಚಮಚ, ಒಂದೇ ಲೋಟ ಬೇಡ. ಮುತ್ತು ಕೊಡೋದಾದರೆ ಹಣೆಗೆ ಕೊಡಲಿ, ತುಟಿಗೆ ಬೇಡ.

ಕಾರ್ಯಕರ್ತೆ: ಮಗು ಬಿಟ್ಟಿದ್ದನ್ನ ತಾಯಿ ತಿನ್ನದೇ ಇನ್ಯಾರು ತಿಂತಾರೆ? ಚೆಲ್ಲು ಅಂದರೆ ಅತ್ತೆ ಸುಮ್ಮನಿರ್ತಾರಾ?

ವೈದ್ಯೆ: ಸ್ವಲ್ಪ ಸ್ವಲ್ಪವೇ ಬಡಿಸಿ ಅನ್ನಿ, ಮಿಗೋದೇ ಇಲ್ಲ. ಅತ್ತೆಯನ್ನೂ ಕೂರಿಸಿಕೊಂಡೇ ಹೇಳಿ. ಹೆದರಿಸಬೇಡಿ. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಿಗೆ ಏನೂ ಆಗಲ್ಲ ಅಂತಲೇ ಶುರುಮಾಡಿ.

ಕಾರ್ಯಕರ್ತೆ: ನಿಜ ಹೇಳಲಾ? ಈ ಮಾತು ಕೇಳಿದ ಕೂಡಲೇ ಈ ತಾಯಿ ಅನ್ನೋದು ಒಂದೇ: ನಾನೇ ಮಗನ ಎಂಜಲು ತಿಂದೆ, ನನ್ನಿಂದಲೇ ಮಗಳಿಗೆ ಹೀಗಾಯ್ತು. ಮನೆಯವರೂ ಅದನ್ನೇ ಎತ್ತಾಡ್ತಾರೆ. ನೀವು ಇಲ್ಲಿ ಹೇಳಿ ಕಳಿಸ್ತೀರಿ, ಆ ಮನೆಯಲ್ಲಿ ಬಾಳಬೇಕಾದವಳು ಅವಳು.

ವೈದ್ಯೆ: ಅದಕ್ಕೇ ಅವಳ ಮುಂದೆ ನಾನು ಹೇಳೋದು ಇಷ್ಟೇ. ಕಾರಣ ಸಾಬೀತು ಮಾಡೋಕೆ ಈಗ ಆಗಲ್ಲ. ಆದರೂ ಚಿಕಿತ್ಸೆ ನಿಲ್ಲಲ್ಲ. ಸಿಎಂವಿಯೇ ಇದ್ದರೂ ಅದು ಯಾವ ತಾಯಿಯೂ ತಿಳಿದು ತಂದುಕೊಂಡದ್ದಲ್ಲ, ಅವಳಿಗೆ ಇದರ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಗಂಡನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಅವರೆದುರೇ ಹೇಳ್ತೀನಿ. ಕೈತೊಳೆಯೋ ಮಾತು ಮುಂದೆ ಬಸುರಿಯಾಗೋರಿಗೆ. ಇವಳಿಗೆ ಬೇಕಾಗಿರೋದು ನಾಳೆ ಏನು ಮಾಡಬೇಕು ಅನ್ನೋದು.

ಕಾರ್ಯಕರ್ತೆ: ವೈರಸ್ಸಿಗೆ ಔಷಧಿ ಕೊಡೋಕಾಗಲ್ವಾ?

ವೈದ್ಯೆ: ವಾಲ್‌ಗ್ಯಾನ್ಸಿಕ್ಲೊವಿರ್ ಅನ್ನೋದಿದೆ. ಹುಟ್ಟಿದಾಗಲೇ ಲಕ್ಷಣ ಇರೋ ಮಗುವಿಗೆ, ಮೊದಲ ತಿಂಗಳೊಳಗೆ ಶುರುಮಾಡಿ ಆರು ತಿಂಗಳು ಕೊಡ್ತಾರೆ. 2015ರಲ್ಲಿ ಬಂದ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಕಿವಿ, ಮಾತಿನಲ್ಲಿ ಸ್ವಲ್ಪ ಲಾಭ ಕಂಡಿತ್ತು. ಬಿಳಿ ರಕ್ತಕಣ ಇಳಿಯುತ್ತೆ, ಪದೇಪದೇ ರಕ್ತ ಪರೀಕ್ಷೆ ಬೇಕು. ಎರಡೂವರೆ ವರ್ಷದ ಇವಳಿಗೆ ಅದರಿಂದ ಉಪಯೋಗ ಇಲ್ಲ. ಇವಳಿಗೆ ಔಷಧಿ ಅಂದರೆ ಸದ್ದು. ಶ್ರವಣ ಸಾಧನ ಸಾಕಾದರೆ ಅದು, ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಹುಟ್ಟು ಕಿವುಡಿನ ಮಕ್ಕಳಿಗೆ ಐದು ವರ್ಷದೊಳಗೆ ಮಾಡಿಸಬೇಕು, ಅದಕ್ಕೆ ನನಗೆ ಅವಸರ. ಮೆದುಳು ಮಾತು ಹಿಡಿಯೋ ವಯಸ್ಸು ಕಾಯಲ್ಲ. ಇವಳು ಒಂದು ವರ್ಷಕ್ಕೂ ಮೇಲೆ ಕೇಳಿಸಿಕೊಂಡಿದ್ದಾಳೆ, ಮೂರು ಮಾತು ಆಡಿದ್ದಾಳೆ. ಅದು ದೊಡ್ಡ ಆಸ್ತಿ.

ಕಾರ್ಯಕರ್ತೆ: ಮಿಷನ್ನು ಹಾಕಿದರೆ ಮಾತು ಬಂದುಬಿಡುತ್ತಾ?

ವೈದ್ಯೆ: ಇಲ್ಲ. ದಿನಾ ಕೂರಿಸಿ ಕಲಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳ ಶಾಲೆಯಿದೆ, ಮಗುವಿನ ಜೊತೆ ತಾಯಿಗೂ ಕಲಿಸ್ತಾರೆ. ಬಟ್ಟೆ ಒಗೆಯುವಾಗ, ಸೊಪ್ಪು ಬಿಡಿಸುವಾಗ ಹೇಗೆ ಮಾತಾಡಿಸಬೇಕು ಅಂತ. ಕೈಸನ್ನೆಯನ್ನೂ ಬಿಡಿಸಬಾರದು. ಕೆಲವು ಮಕ್ಕಳಿಗೆ ಮಾತು ಪೂರ್ತಿ ಬರಲ್ಲ, ಸನ್ನೆಯೇ ಅವರ ಭಾಷೆಯಾಗುತ್ತೆ. ಯಾವುದಾದರೂ ಒಂದು ಭಾಷೆ ಇಲ್ಲದೆ ಮಗು ಬೆಳೆಯಬಾರದು, ಅಷ್ಟೇ.

ಕಾರ್ಯಕರ್ತೆ: ಬುದ್ಧಿಗೆ ಏನಾದರೂ? ಅಪ್ಪ ಇದನ್ನೇ ಕೇಳ್ತಾನೆ, ಬಾಯಿಬಿಟ್ಟು ಕೇಳಲ್ಲ.

ವೈದ್ಯೆ: ಅವರಿಗೆ ಹ್ಯೂಸ್ಟನ್ನಿನ ಮಕ್ಕಳ ವಿಷಯ ಹೇಳಿ. ಅಲ್ಲಿ 1982ರಿಂದ ಹತ್ತು ವರ್ಷ, 30,000ಕ್ಕೂ ಹೆಚ್ಚು ನವಜಾತ ಶಿಶುಗಳ ಪರೀಕ್ಷೆ ಮಾಡಿ, ಸೋಂಕಿದ್ದ ಮಕ್ಕಳನ್ನ 18 ವರ್ಷದವರೆಗೂ ನೋಡಿದರು. ಹುಟ್ಟಿದಾಗ ಲಕ್ಷಣವಿಲ್ಲದ, ಎರಡನೇ ವರ್ಷದವರೆಗೂ ಕಿವಿ ಸರಿಯಿದ್ದ ಮಕ್ಕಳ ಬುದ್ಧಿ, ಓದು, ಲೆಕ್ಕ, ಎಲ್ಲ ಸೋಂಕಿಲ್ಲದವರಷ್ಟೇ ಇತ್ತು. ಆದರೆ ಕಿವುಡು ವರ್ಷದಿಂದ ವರ್ಷಕ್ಕೆ ಸೇರ್ತಾ ಹೋಯ್ತು. 18ರ ಹೊತ್ತಿಗೆ ಲಕ್ಷಣವಿಲ್ಲದವರಲ್ಲೂ ಸುಮಾರು ಕಾಲು ಭಾಗಕ್ಕೆ ಸ್ವಲ್ಪವೋ ಹೆಚ್ಚೋ, ಒಂದೇ ಕಿವಿಯೋ ಎರಡೋ. ಈ ಹುಡುಗಿ ಆ ಮೊದಲ ಗುಂಪಿಗೆ ಸೇರಿದವಳಲ್ಲ, ಕಿವಿ ಬೇಗ ಹೋಗಿದೆ. ಆದ್ದರಿಂದ ಅವಳ ಬುದ್ಧಿಯ ಬಗ್ಗೆ ನಾನು ಇವತ್ತು ಭರವಸೆ ಕೊಡಲ್ಲ. ಅವಳು ಆಡೋದನ್ನ ನೋಡಬೇಕು. ಗೊಂಬೆಗೆ ಊಟ ಮಾಡಿಸ್ತಾಳಾ? ಬೇಕಾದ್ದನ್ನ ಬೆರಳಲ್ಲಿ ತೋರಿಸಿ, ನಿಮ್ಮ ಮುಖ ನೋಡ್ತಾಳಾ?

ಕಾರ್ಯಕರ್ತೆ: ತೋರಿಸ್ತಾಳೆ. ನನ್ನ ಚೀಲ ಎಳೆದು ತೂಕದ ತಕ್ಕಡಿ ತೆಗೀತಾಳೆ, ಗೊಂಬೆಯನ್ನ ಅದರಲ್ಲಿ ಮಲಗಿಸ್ತಾಳೆ.

ವೈದ್ಯೆ: ಹಾಗಿದ್ದರೆ ಅಪ್ಪನಿಗೆ ಅದನ್ನೇ ತೋರಿಸಿ. ಎಷ್ಟು ದೊಡ್ಡ ಒಳ್ಳೇ ಗುರುತು ಅದು.

ಕಾರ್ಯಕರ್ತೆ: ಇನ್ನೊಂದಿದೆ. ಅಂಗನವಾಡಿ ಸಹಾಯಕಿ ಈಗ ಬಸುರಿ. ಈ ಮಗುವಿಗೆ ವೈರಸ್ಸು ಅಂತ ಗೊತ್ತಾದರೆ ಕೇಂದ್ರಕ್ಕೆ ಸೇರಿಸಿಕೊಳ್ಳಲ್ಲ ಅಂತಾರೆ, ನೋಡ್ತಿರಿ.

ವೈದ್ಯೆ: ಹಾಗಾಗೋಕೆ ಬಿಡಬಾರದು. ಆ ಕೇಂದ್ರದಲ್ಲಿ ಆಡೋ ಮಕ್ಕಳಲ್ಲಿ ಹಲವರು ಈಗಲೂ ಇದೇ ವೈರಸ್ಸನ್ನ ಜೊಲ್ಲಿನಲ್ಲಿ ಹೊರಬಿಡ್ತಿರ್ತಾರೆ, ಅವರಿಗೆ ಹೆಸರು ಅಂಟಿಲ್ಲ ಅಷ್ಟೇ. ಒಬ್ಬಳನ್ನ ಹೊರಗಿಟ್ಟರೆ ಯಾರಿಗೂ ರಕ್ಷಣೆ ಸಿಗಲ್ಲ, ಆ ಹುಡುಗಿಗೆ ಮಾತ್ರ ಜೊತೆಗಾರರು ಹೋಗ್ತಾರೆ. ಸಹಾಯಕಿ ಎಲ್ಲ ಮಕ್ಕಳ ಮೂಗು ಒರೆಸಿದ ಮೇಲೂ ಕೈ ತೊಳೀಲಿ. ಬೇಕಾದರೆ ನಾನೇ ಬಂದು ಮೇಲ್ವಿಚಾರಕಿಗೆ ಹೇಳ್ತೀನಿ.

ಕಾರ್ಯಕರ್ತೆ: ಬನ್ನಿ. ನನ್ನ ಮಾತಿಗಿಂತ ನಿಮ್ಮ ಮಾತು ನಡೆಯುತ್ತೆ. ಇನ್ನು ನನಗೊಂದು ಹೇಳಿ. ಹದಿನೈದು ತಿಂಗಳಾದ ಮೇಲೆ ಯಾವ ಫಾರ್ಮೂ ಇಲ್ಲ. ನಾನು ಯಾವ ಮಕ್ಕಳನ್ನ, ಏನಂತ ನೋಡ್ತಾ ಇರಬೇಕು?

ವೈದ್ಯೆ: ಬಸುರಿನಲ್ಲಿ ತಾಯಿಗೆ ಜ್ವರ, ದದ್ದು ಬಂದಿದ್ದ ಮಕ್ಕಳು, ತಲೆ ಸಣ್ಣಗಿದ್ದವು, ತೂಕ ಕಡಿಮೆಯಿದ್ದವು, ಹುಟ್ಟಿದ ಮೇಲೆ ಹೆಚ್ಚು ದಿನ ಆಸ್ಪತ್ರೆಯಲ್ಲಿ ಇದ್ದವು, ಇವಿಷ್ಟನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ಮೂರು ವರ್ಷ ಆರು ತಿಂಗಳಿಗೊಮ್ಮೆಯಾದರೂ, ಆಮೇಲೆ ಶಾಲೆಗೆ ಸೇರೋವರೆಗೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಕಳಿಸಿ, ಚೀಟಿಯಲ್ಲಿ ಏನೇ ಬರೆದಿರಲಿ. ಕತ್ತು ನಿಲ್ಲೋದು, ಕೂರೋದು, ನಡೆಯೋದು ತಡವಾದರೆ ಕಳಿಸಿ. ಎಲ್ಲಕ್ಕಿಂತ ಮೊದಲು, ಇದ್ದ ಮಾತು ಹೋದರೆ ಒಂದು ವಾರವೂ ಕಾಯಬೇಡಿ. ಮತ್ತೆ, ತಾಯಿ ‘ನನಗ್ಯಾಕೋ ಸರಿ ಕಾಣಿಸ್ತಿಲ್ಲ’ ಅಂದರೆ ಅದೊಂದೇ ಸಾಕು, ಕರ್ಕೊಂಡು ಬನ್ನಿ.

ಕಾರ್ಯಕರ್ತೆ: ಬಸ್ ಚಾರ್ಜು, ಕೂಲಿ ತಪ್ಪೋದು ಅಂತ ಮೂರನೇ ಸಲಕ್ಕೆ ಯಾರೂ ಬರಲ್ಲ ಮೇಡಂ.

ವೈದ್ಯೆ: ಗೊತ್ತು. ಅದನ್ನ ನಾನೊಬ್ಬಳು ಪರಿಹರಿಸೋಕಾಗಲ್ಲ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ ತಂಡ ಬರುತ್ತಲ್ಲ, ನಿಮ್ಮ ನೋಟ್‌ಬುಕ್ಕಿನ ಮಕ್ಕಳನ್ನ ಅವತ್ತು ತಪ್ಪಿಸದೆ ಕೂರಿಸಿ. ಇಲ್ಲಿಗೆ ಬರೋ ದಿನ ಕಿವಿ, ಕಣ್ಣು, ಮಾತು ಎಲ್ಲ ಒಂದೇ ಬೆಳಿಗ್ಗೆ ಮುಗಿಯೋ ಹಾಗೆ ನಾನು ಮಾತಾಡಿ ಇಡ್ತೀನಿ. ಅಷ್ಟು ನನ್ನ ಕೈಯಲ್ಲಿದೆ. ಈ ಹುಡುಗಿಗೆ ಗುರುವಾರ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ನೋಡೋ ಬೆರಾ ಪರೀಕ್ಷೆಗೆ ಬರೆದುಕೊಡ್ತಿದ್ದೀನಿ. ತಾಯಿ ಕಾರ್ಡ್ ತರಲಿ.

ಕಾರ್ಯಕರ್ತೆ: ಆರೂವರೆ ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅಜ್ಜಿನೂ ಬರ್ತೀನಿ ಅಂದರೆ?

ವೈದ್ಯೆ: ಬರಲಿ, ಒಳ್ಳೇದೇ. ಪರೀಕ್ಷೆ ಹೊತ್ತಿಗೆ ಮಗು ನಿದ್ದೆ ಮಾಡಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ನಸುಕಿನಲ್ಲೇ ಎಬ್ಬಿಸೋಕೆ ಹೇಳಿ. ಬಸ್ಸಿನಲ್ಲಿ ಮಾತ್ರ ಮಲಗೋಕೆ ಬಿಡಬೇಡಿ, ಆಟ ಆಡಿಸ್ತಾ ಇರಿ.